ಸ್ಕ್ರೀನಿನಲ್ಲಿ ಇಲ್ಲದ ಬೈಟು ದೋಸೆ

ಹೋಟೆಲ್ ಕೆಲಸಕ್ಕೆ ಸೇರಬೇಕೆಂದಿರುವ ಹೆಣ್ಣುಮಕ್ಕಳು ಈಗಲೂ ಮನೆಗೆ ಬಂದು ಕೇಳುತ್ತಾರೆ. "ಓಬಕ್ಕ, ಕೆಲ್ಸ ಹೆಂಗೈತೆ? ಕಷ್ಟನಾ?" ಕಷ್ಟವೇ. ಸುಲಭ ಎಂದು ಹೇಳಿ ಕಳಿಸಿದರೆ ಮೂರನೇ ದಿನ ಕಾಲು ಊದಿಸಿಕೊಂಡು ಬಂದು ನನ್ನನ್ನೇ ಬೈಯುತ್ತಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಇದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಲೆಕ್ಕದಲ್ಲಿ ಒಂದು ಸಲ ನಪಾಸಾಗಿ. ತಪ್ಪುಗಳಿದ್ದರೆ ಇರಲಿ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ನಿಮಗೆ ಬೇಡ. ತಟ್ಟೆ ತೊಳೆಯುವವಳಾಗಿ ಸೇರಿದೆ, ದೋಸೆ ಮಾಸ್ಟರ್ ಆಗಿ ಹೊರಗೆ ಬಂದೆ, ಅಷ್ಟೇ.

ನನ್ನ ಊರು ಚಿಕ್ಕಜಾಜೂರಿನ ಪಕ್ಕ. ಮೊದಲು ಸೇರಿದ್ದು ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರಿನ ಒಂದು ಸಣ್ಣ ಹೋಟೆಲಿಗೆ. ಅಲ್ಲಿ ಹೆಂಗಸರೆಂದರೆ ಹಿತ್ತಲಿನ ನಲ್ಲಿ ಹತ್ತಿರ ಇರಬೇಕಾದವರು. ಒಲೆ ಹತ್ತಿರ ಹೋದರೆ ಮಾಸ್ಟರ್ ಸೌಟು ಎತ್ತುತ್ತಿದ್ದ. ಒಂದು ಸಂತೆ ದಿನ ಬೆಳಿಗ್ಗೆ ಆ ಮಾಸ್ಟರಿಗೂ ಮಾಲೀಕರಿಗೂ ಮಾತಿಗೆ ಮಾತು ಬೆಳೆದು, ಅವನು ಟವೆಲ್ ಕೊಡವಿಕೊಂಡು ದಾವಣಗೆರೆ ಬಸ್ ಹತ್ತಿಬಿಟ್ಟ. ಹೋಟೆಲ್ ತುಂಬ ಜನ. ಮಾಲೀಕರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಹಂಚಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಒರೆಸಿ, ಹಿಟ್ಟು ಹೊಯ್ದೆ. ಮೊದಲ ನಾಲ್ಕು ಹರಿದವು. ಐದನೆಯದು ಬಂತು. ತಿಂದವರು ಯಾರೂ ಹೆಂಗಸು ಹೊಯ್ದದ್ದು ಎಂದು ತಟ್ಟೆ ತಳ್ಳಲಿಲ್ಲ, ಇನ್ನೊಂದು ಹಾಕಿ ಎಂದರು. ಮಾರನೇ ದಿನ ನಲ್ಲಿ ಹತ್ತಿರ ಹೋಗು ಎಂದ ಮಾಲೀಕರಿಗೆ ನಾನು ಹೋಗಲ್ಲ ಎಂದೆ. ನನ್ನ ಸೇವೆಯಲ್ಲಿ ಅದು ಮೊದಲನೇ "ಇಲ್ಲ".

ಅಲ್ಲಿಂದ ಚಿತ್ರದುರ್ಗದ ಒಂದು ದೊಡ್ಡ ಹೋಟೆಲಿಗೆ ಬಂದೆ. ಅಲ್ಲಿನ ಹಿರಿಯ ಮಾಸ್ಟರ್ ಶೀನಣ್ಣ. ಬಾಯಿ ತೆರೆದರೆ ಬೈಗುಳ, ಆದರೆ ಕೆಲಸ ಬಚ್ಚಿಟ್ಟುಕೊಂಡವನಲ್ಲ. ಕೇಳಿದ್ದನ್ನೆಲ್ಲ ಹೇಳಿಕೊಟ್ಟ. ನಾನು ಮಾಡಿದ ದೊಡ್ಡ ತಪ್ಪೊಂದನ್ನು ಅವನ ಕೈಕೆಳಗೇ ಮಾಡಿದ್ದು.

ನಮ್ಮ ಕಡೆ ಹೋಟೆಲಿಗೆ ಇಬ್ಬರು ಬಂದರೆ ಒಂದು ಕಾಫಿ ಹೇಳಿ ಎರಡು ಲೋಟದಲ್ಲಿ ಹಂಚಿಕೊಂಡು ಕುಡಿಯುವುದುಂಟು. ಅದೇ ಬೈಟು. ಕಾಫಿಗಿರುವ ಹಾಗೆ ದೋಸೆಗೂ ಇದೆ. ಒಂದು ಮಸಾಲೆ ದೋಸೆ ಕತ್ತರಿಸಿ ಎರಡು ತಟ್ಟೆಗೆ ಹಾಕಿ, ಎರಡಕ್ಕೂ ಚಟ್ನಿ, ಪಲ್ಯ ಕೊಡಬೇಕು. ದುಡ್ಡಿಲ್ಲದವರು ಮಾತ್ರ ಹೀಗೆ ತಿನ್ನುತ್ತಾರೆ ಎಂದುಕೊಳ್ಳಬೇಡಿ. ಸಾಹುಕಾರರೂ ತಿನ್ನುತ್ತಾರೆ. ಎದುರಿಗೆ ಕೂತವನ ಜೊತೆ ಹಂಚಿಕೊಂಡು ತಿಂದರೇ ಅವರಿಗೆ ತಿಂದ ಹಾಗೆ.

ಒಂದು ದಿನ ಇಬ್ಬರು ಗಂಡಸರು ಬಂದು ಬೈಟು ಮಸಾಲೆ ಹೇಳಿದರು. ನಾನು ಎಂದಿನ ಹಾಗೆ ಪಲ್ಯ ಇಟ್ಟು, ದೋಸೆ ಮಡಚಿ, ನಡುವೆ ಕತ್ತರಿಸಿ ಕೊಟ್ಟೆ. ಪಲ್ಯವೆಲ್ಲ ಒಂದೇ ತುಂಡಿಗೆ ಹೋಗಿಬಿಟ್ಟಿತ್ತು. ಅವರಿಬ್ಬರೂ ಅಣ್ಣತಮ್ಮಂದಿರು, ಆವತ್ತೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೊಲ ಭಾಗ ಮಾಡಿಸಿಕೊಂಡು ಬಂದವರು ಎಂದು ನನಗೇನು ಗೊತ್ತು? ತಮ್ಮ ಎದ್ದು ನಿಂತ. "ನೋಡ್ರಪ್ಪ, ಬಾವಿ ಇರೋ ಹೊಲಾನೂ ಅವನಿಗೇ, ಪಲ್ಯ ಇರೋ ದೋಸೇನೂ ಅವನಿಗೇ!" ಅಣ್ಣನೂ ಎದ್ದ. ಬಿಡಿಸಲು ಹೋದ ಸಪ್ಲಾಯರ್ ಮೈಮೇಲೆ ಸಾಂಬಾರ್ ಬಿತ್ತು.

ಶೀನಣ್ಣ ಓಡಿ ಬಂದು, ಇನ್ನೊಂದು ದೋಸೆ ಹೊಯ್ದು, ಅವರ ಕಣ್ಣೆದುರೇ ಮೊದಲು ದೋಸೆ ಕತ್ತರಿಸಿ, ಆಮೇಲೆ ಎರಡಕ್ಕೂ ಒಂದೊಂದು ಸೌಟು ಪಲ್ಯ ಇಟ್ಟ. "ತಿನ್ರಪ್ಪ, ಇಲ್ಲಿ ಯಾರಿಗೂ ಮೋಸ ಇಲ್ಲ" ಎಂದ. ಒಳಗೆ ಬಂದು ನನಗೆ ಹೇಳಿದ, "ಲೇ ಓಬವ್ವ, ಹಂಚು ನೋಡೋದು ಆಮೇಲೆ. ತಿನ್ನೋರ ಮುಖ ನೋಡು ಮೊದಲು." ಆವತ್ತಿನಿಂದ ನಾನು ಬೈಟು ದೋಸೆಯನ್ನು ಮೊದಲು ಕತ್ತರಿಸಿ ಆಮೇಲೆ ಪಲ್ಯ ಇಡುತ್ತಿದ್ದೆ.

ಕೊನೆಗೆ ಬಂದದ್ದು ಹಿರಿಯೂರು. ಹೈವೇ ಪಕ್ಕದ ದೊಡ್ಡ ಫಾಸ್ಟ್ ಫುಡ್ ಹೋಟೆಲು. ಕೂತು ತಿನ್ನಲು ದೊಡ್ಡ ಹಾಲ್, ಹೊರಗೆ ಬಸ್ಸು ಕಾರು ನಿಲ್ಲಲು ಎಕರೆಗಟ್ಟಲೆ ಜಾಗ. ದೋಸೆ ಹಂಚಿಗೆ ನಾವು ನಾಲ್ಕು ಜನ. ಆರ್ಡರ್ ತಗೊಳ್ಳುವ ಕೌಂಟರಿನಲ್ಲಿ ಇಬ್ಬರು, ಗಂಗಮ್ಮ ಮತ್ತು ನಸೀಮಾ. ಗಂಗಮ್ಮ ಹೊಸದುರ್ಗದ ಕಡೆಯವಳು, ನಡುವಯಸ್ಸು, ಮಾತು ಕಡಿಮೆ. ನಸೀಮಾ ಹಿರಿಯೂರಿನವಳೇ, ಇಬ್ಬರು ಮಕ್ಕಳ ತಾಯಿ. ಅವಳ ಗಂಟಲು ನಮ್ಮ ಹೋಟೆಲಿನ ಗಡಿಯಾರ. "ಎರಡು ಮಸಾಲೆ, ಮೂರು ಸೆಟ್, ಒಂದು ಬೈಟೂ..." ಎಂದು ಕೂಗಿದರೆ ಒಳಗೆ ನಮ್ಮ ಕೈ ತಾನಾಗಿ ಓಡುತ್ತಿತ್ತು. ಇಪ್ಪತ್ತು ಆರ್ಡರ್ ಒಟ್ಟಿಗೆ ಬಂದರೂ ಯಾರಿಗೆ ಯಾವುದು ಎಂದು ಅವಳು ಬರೆದುಕೊಂಡದ್ದೇ ಇಲ್ಲ.

ಒಂದು ಸೋಮವಾರ ಮಾಲೀಕರು ಎಲ್ಲರನ್ನೂ ಕರೆದು ಪೇಡಾ ಹಂಚಿದರು. ಪೇಡಾ ಹಂಚಿದಾಗಲೇ ನಮಗೆ ಅನುಮಾನ ಬರಬೇಕಿತ್ತು. ಆರ್ಡರಿಗೆ ಗಿರಾಕಿಗಳೇ ಒತ್ತುವ ಸ್ಕ್ರೀನ್ ಬರುತ್ತದೆ, ದೋಸೆಗೆ ಮಿಷನ್ ಬರುತ್ತದೆ, ಖರ್ಚು ಇಳಿಯುತ್ತದೆ, ಅದಕ್ಕೆ ದೋಸೆ ಬೆಲೆ ಇಳಿಸುತ್ತೇವೆ, ಜನ ಹೆಚ್ಚಾಗುತ್ತಾರೆ, ಯಾರ ಕೆಲಸಕ್ಕೂ ತೊಂದರೆ ಇಲ್ಲ ಎಂದರು. ನಾವು ಪೇಡಾ ತಿಂದು ಚಪ್ಪಾಳೆ ತಟ್ಟಿದೆವು.

ದೋಸೆ ಮಿಷನ್ ಬಗ್ಗೆ ಸುಳ್ಳು ಹೇಳಲಾರೆ. ಅದರ ದೋಸೆ ಕೆಟ್ಟದಾಗಿರಲಿಲ್ಲ. ದುಂಡಗೆ, ಒಂದೇ ಸಮ ಕೆಂಪಗೆ ಬರುತ್ತಿತ್ತು. ನನ್ನ ಎರಡೂ ಕೈ ಮೇಲೆ ಮೊಣಕೈತನಕ ಸುಟ್ಟ ಗುರುತುಗಳಿವೆ, ಬೇಸಿಗೆಯಲ್ಲಿ ಹಂಚಿನ ಮುಂದೆ ನಿಂತು ಎರಡು ಸಲ ತಲೆ ಸುತ್ತಿ ಬಿದ್ದಿದ್ದೇನೆ. ಆ ಕಷ್ಟವನ್ನು ಮಿಷನ್ ತಗೊಂಡರೆ ಬೇಡ ಎನ್ನಲು ನನಗೇನು ಹುಚ್ಚೇ? ನನ್ನ ಜಗಳ ಕಬ್ಬಿಣದ ಜೊತೆ ಯಾವತ್ತೂ ಇರಲಿಲ್ಲ. ಅದರ ನೆಪ ಹೇಳಿ ಆಟ ಆಡಿದವರ ಜೊತೆ ಇತ್ತು, ಇನ್ನೂ ಇದೆ.

ಮಿಷನ್ನಿಗೆ ಕಿವಿ ಇಲ್ಲ ಎಂಬುದು ಮೊದಲ ತಿಂಗಳಲ್ಲೇ ಗೊತ್ತಾಯಿತು. ಹೈವೇ ಹೋಟೆಲಿನಲ್ಲಿ ಒಂದು ಪದ್ಧತಿ ಇದೆ. ಬಸ್ ಡ್ರೈವರ್ ಒಂದು ಸಲ ಹಾರನ್ ಹೊಡೆದರೆ ಐದು ನಿಮಿಷ ಎಂದು ಅರ್ಥ. ಆಗ ನಾವು ಹೊಸ ದೋಸೆ ಹೊಯ್ಯುವುದನ್ನು ನಿಲ್ಲಿಸಿ, ಬಸ್ಸಿನವರಿಗೆ ಇದ್ದದ್ದನ್ನು ಕಟ್ಟಿ ಕೊಡುತ್ತೇವೆ. ಸಿರಿಗೆರೆಯಿಂದ ಮಾರಿಕಣಿವೆ ಡ್ಯಾಮ್ ನೋಡಲು ಹೊರಟಿದ್ದ ಕಾಲೇಜು ಮಕ್ಕಳ ಒಂದು ಬಸ್ ಬಂತು. ಎಲ್ಲರೂ ಖುಷಿಯಾಗಿ ಸ್ಕ್ರೀನ್ ಒತ್ತಿ ಟೋಕನ್ ತಗೊಂಡರು. ಡ್ರೈವರ್ ಹಾರನ್ ಹೊಡೆದ. ಮತ್ತೆ ಹೊಡೆದ. ಮೇಷ್ಟ್ರು ಬೈದು ಮಕ್ಕಳನ್ನು ಹತ್ತಿಸಿಕೊಂಡರು. ಬಸ್ ಹೋಯಿತು. ಮಿಷನ್ ಮಾತ್ರ ನಿಲ್ಲದೆ ಒಂದಾದ ಮೇಲೊಂದು ದೋಸೆ ಉದುರಿಸುತ್ತಲೇ ಇತ್ತು. ನಿಲ್ಲಿಸುವ ಗುಂಡಿ ಯಾವುದೆಂದು ನಮಗೆ ಹೇಳಿಕೊಟ್ಟಿರಲಿಲ್ಲ. ಕಂಪನಿಯ ಎಂಜಿನಿಯರ್ ಫೋನಿನಲ್ಲಿ ಆಫ್ ಮಾಡಿ ಆನ್ ಮಾಡಿ ಎಂದ. ಮಾಡಿದೆವು. ಅದು ಹೊಸದಾಗಿ ಮೊದಲಿನಿಂದ ಶುರು ಮಾಡಿತು. ಆವತ್ತು ಹೋಟೆಲಿನ ನಾಯಿಗಳೆಲ್ಲ ಮಸಾಲೆ ದೋಸೆ ತಿಂದವು.

ಬೆಲೆ ಇಳಿಸುತ್ತೇವೆ ಎಂದಿದ್ದರಲ್ಲ, ಇಳಿಸಿದರು. ಹತ್ತು ರೂಪಾಯಿ ಕಡಿಮೆ ಎಂದು ಕಮಾನಿನಷ್ಟು ದೊಡ್ಡ ಬ್ಯಾನರ್ ಕಟ್ಟಿದರು. ಒಂದು ತಿಂಗಳಾದ ಮೇಲೆ ಬ್ಯಾನರ್ ಗಾಳಿಗೆ ಹರಿಯಿತು, ಬೆಲೆ ಮೊದಲಿನ ಜಾಗಕ್ಕೆ ಬಂತು, ಆಮೇಲೆ ಅದನ್ನೂ ದಾಟಿತು. ಕೇಳಿದರೆ ಮಿಷನ್ ಸಾಲದ ಕಂತು ಕಟ್ಟಬೇಕಲ್ಲ ಎಂದರು. ಅದೂ ಹೋಗಲಿ. ಬೋರ್ಡಿನಲ್ಲಿ ಕಾಣದ ಏರಿಕೆ ಬೇರೆಯೇ ಇತ್ತು. ಸ್ಕ್ರೀನಿನಲ್ಲಿ ಎರಡನೇ ಸಲ ಚಟ್ನಿಗೆ ಬೇರೆ ದರ, ಸಾಂಬಾರಿಗೆ ಬೇರೆ ದರ. ಬೈಟು ಎಂಬುದಂತೂ ಇರಲೇ ಇಲ್ಲ. ಇಬ್ಬರು ಬಂದರೆ ಎರಡು ದೋಸೆ ತಗೊಳ್ಳಲೇಬೇಕು. ಹಿಂದೆ ಮಾಲೀಕರು ಬೈಟು ಇಲ್ಲ ಎಂದು ಬೋರ್ಡ್ ಹಾಕಿದ್ದರೆ ಗಿರಾಕಿಗಳು ಮುಖಕ್ಕೆ ಉಗಿಯುತ್ತಿದ್ದರು. ಈಗ "ಸ್ಕ್ರೀನಲ್ಲಿ ಇಲ್ಲ" ಎಂದರೆ ಸಾಕು, ಜನ ತಮಗೇ ಒತ್ತಲು ಬರಲಿಲ್ಲವೇನೋ ಎಂದು ನಾಚಿಕೊಂಡು ಸುಮ್ಮನಾಗುತ್ತಿದ್ದರು. ಇದು ನನಗೆ ಮೈ ಉರಿಸಿತು.

ಕೆಲಸಕ್ಕೆ ತೊಂದರೆ ಇಲ್ಲ ಎಂದದ್ದೂ ಅಷ್ಟೇ ನಿಜ. ಹಂಚಿನ ನಾಲ್ವರಲ್ಲಿ ಇಬ್ಬರು ಗಂಡಸರು ತುಮಕೂರು ಕಡೆ ಕೆಲಸ ನೋಡಿಕೊಂಡು ತಾವೇ ಹೊರಟರು. ಉಳಿದವನನ್ನು ಕಾರ್ ಪಾರ್ಕಿಂಗಿಗೆ ಹಾಕಿದರು. ನನ್ನನ್ನು ಹಿಟ್ಟು ಹದ ಮಾಡಲು ಮತ್ತು ಮಿಷನ್ ಬಾಯಿಂದ ಬಂದ ದೋಸೆಗೆ ಪಲ್ಯ ಇಟ್ಟು ಕೊಡಲು ಇಟ್ಟುಕೊಂಡರು. ಆಮೇಲೆ ಒಂದು ದಿನ ಮಾಲೀಕರು ನನ್ನನ್ನು ಕರೆದರು. ಸ್ಕ್ರೀನ್ ಬಂದ ಮೇಲೆ ಆರ್ಡರ್ ಕೌಂಟರಿನಲ್ಲಿ ಕೆಲಸವಿಲ್ಲ, ಒತ್ತಲು ಬಾರದವರಿಗೆ ತೋರಿಸಿಕೊಡಲು ಒಬ್ಬರು ಸಾಕು, ಗಂಗಮ್ಮ, ನಸೀಮಾ ಇಬ್ಬರಲ್ಲಿ ಯಾರನ್ನು ಕಳಿಸೋಣ ಎಂದು ಕೇಳಿದರು.

"ನೀವು ಹಿರೇರು, ನೀವೇ ಹೇಳ್ರಿ ಓಬಮ್ಮ."

ಇಬ್ಬರೂ ಇರಲಿ ಎನ್ನಬಹುದಿತ್ತು. ಹೊಳಲ್ಕೆರೆಯಲ್ಲಿ ಹರೆಯದ ಹುಡುಗಿಯಾಗಿ ಇಲ್ಲ ಎಂದವಳಿಗೆ, ತಲೆ ನೆರೆತ ಮೇಲೆ ಬಾಯಿ ಬರಲಿಲ್ಲ. ಮುಂದಿನದು ನನ್ನ ಸರದಿ ಆದರೆ ಎಂಬ ಹೆದರಿಕೆ. "ನಿಮ್ಮಿಷ್ಟ ಸಾರ್" ಎಂದು ಹಿಟ್ಟಿನ ಕೋಣೆಗೆ ಬಂದುಬಿಟ್ಟೆ. ಆ ವಾರವೇ ನಸೀಮಾ ಹೋದಳು. ಹೋಗುವಾಗ ಒಳಗೆ ಬಂದು, "ಬರ್ತೀನಿ ಓಬಕ್ಕ" ಎಂದಳು. ನಾನು ಕೈಗೆ ಹಿಟ್ಟು ಮೆತ್ತಿದೆ ಎಂದು ನೆಪ ಹೇಳಿ ಅವಳ ಕೈ ಕೂಡ ಹಿಡಿಯಲಿಲ್ಲ. ಅಣ್ಣತಮ್ಮಂದಿರ ಪಲ್ಯದ್ದು ದೊಡ್ಡ ತಪ್ಪು ಎಂದೆನಲ್ಲ, ಇದರ ಮುಂದೆ ಅದು ಏನೂ ಅಲ್ಲ.

ಹರಿಯಬ್ಬೆಯಿಂದ ಈರಜ್ಜ ಎಂಬ ಕುರಿ ಸಾಕುವ ಮುದುಕ ಹದಿನೈದು ದಿನಕ್ಕೊಮ್ಮೆ ಹೆಂಡತಿಯನ್ನು ಸಕ್ಕರೆ ಕಾಯಿಲೆಗೆ ತೋರಿಸಲು ಹಿರಿಯೂರಿನ ಸರ್ಕಾರಿ ಆಸ್ಪತ್ರೆಗೆ ಕರೆತರುತ್ತಿದ್ದ. ತೋರಿಸಿಕೊಂಡು ನಮ್ಮಲ್ಲಿಗೆ ಬಂದು ಬೈಟು ದೋಸೆ ತಿಂದು ಹೋಗುವುದು ಅವರ ರೂಢಿ. ಅಜ್ಜಿಗೆ ಡಾಕ್ಟರು ಹೆಚ್ಚು ತಿನ್ನಬೇಡ ಎಂದಿದ್ದರು, ಅಜ್ಜನಿಗೆ ಒಬ್ಬನೇ ತಿನ್ನಲು ಮನಸ್ಸು ಬಾರದು. ಆ ದಿನ ಅವನು ಹೆಗಲ ಕಂಬಳಿ ಸರಿಮಾಡಿಕೊಂಡು ಸ್ಕ್ರೀನ್ ಮುಂದೆ ನಿಂತ. ಬೆರಳು ತಾಗಿಸಿದ. ಐಸ್ ಕ್ರೀಮ್ ಬಂತು. ಮತ್ತೆ ತಾಗಿಸಿದ. ನೂಡಲ್ಸ್ ಬಂತು.

"ಬೈಟು ಎಲ್ಲೈತವ್ವಾ ಇದ್ರಾಗೆ?"

"ಇದ್ರಾಗಿಲ್ಲ ಕಣಜ್ಜ" ಎಂದಳು ಗಂಗಮ್ಮ.

"ಮತ್ತೆ ನಾವು ಎಲ್ಲಿಗೆ ಹೋಗಾಣ?"

ಗಂಗಮ್ಮ ಆಚೀಚೆ ನೋಡಿದಳು. ಒಂದು ಮಸಾಲೆ ಒತ್ತಿ, ಪೂರ್ತಿ ದುಡ್ಡು ಹಾಕಿಸಿ, ಟೋಕನ್ ತಂದು ನನ್ನ ಕೈಗೆ ಕೊಡುತ್ತ ಮೆಲ್ಲಗೆ, "ಬೈಟು ಮಾಡ್ರಿ ಅಕ್ಕ" ಎಂದಳು. ನಾನು ಮಿಷನ್ ಬಾಯಿಂದ ದೋಸೆ ತಗೊಂಡು, ಕತ್ತರಿಸಿ, ಎರಡು ತಟ್ಟೆಗೆ ಹಾಕಿ, ಪಲ್ಯ ಚಟ್ನಿ ಇಟ್ಟೆ. "ಕುಂತ್ಕಂಡು ತಿನ್ರಿ" ಎಂದೆ. ಆವತ್ತಿನಿಂದ ಕೇಳಿದವರಿಗೆಲ್ಲ ಹೀಗೇ ಕೊಟ್ಟೆವು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಜನ ಸ್ಕ್ರೀನ್ ಬಿಟ್ಟು ಗಂಗಮ್ಮನ ಹತ್ತಿರ ಬರತೊಡಗಿದರು.

ಹೋಟೆಲಿನಲ್ಲಿ ಕ್ಯಾಮೆರಾ ಇರುವುದನ್ನು ಮರೆತಿದ್ದೆವು. ಒಂದು ಭಾನುವಾರ ಹತ್ತು ಗಂಟೆಯ ರಶ್ಶಿನಲ್ಲಿ ಮಾಲೀಕರು ನನ್ನನ್ನು ಒಳಗಿನ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಕಾಗದ. ಗಂಗಮ್ಮ ಬಿಲ್ ಇಲ್ಲದೆ ಹೋಟೆಲಿನ ಮಾಲು ಹೊರಗೆ ಕೊಟ್ಟಿದ್ದಾಳೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಇದು ಕಳ್ಳತನ ಅಲ್ಲ ಸಾರ್. ದೋಸೆಗೆ ಪೂರ್ತಿ ದುಡ್ಡು ಬಂದೈತೆ."

"ಎರಡನೇ ತಟ್ಟೆ ಚಟ್ನಿ, ಪಲ್ಯಕ್ಕೆ ಬಂದೈತಾ? ಸ್ಕ್ರೀನಲ್ಲಿ ಇಲ್ದಿರೋದನ್ನ ಕೊಡೋಕೆ ಅವಳ್ಯಾರು? ನೀವು ಸುಮ್ನೆ ಸಹಿ ಹಾಕ್ರಿ. ಇನ್ನು ಎಂಟು ತಿಂಗಳಿಗೆ ನಿಮ್ದು ನಿವೃತ್ತಿ. ಹೋಗುವಾಗ ಜೋರಾಗಿ ಸನ್ಮಾನ ಮಾಡಾಣ."

"ಕತ್ತರಿಸಿ ಕೊಟ್ಟೋಳು ನಾನಲ್ವಾ? ನನ್ ಹೆಸ್ರು ಯಾಕಿಲ್ಲ?"

"ಹಿಟ್ಟಿನ ಹದ ಯಾರು ನೋಡ್ತಾರಮ್ಮ? ನೀವು ಬೇಕು ನಮಗೆ."

ಅಲ್ಲಿಗೆ ಎಲ್ಲ ಅರ್ಥವಾಯಿತು. ಮಿಷನ್ನಿಗೆ ಬೇಕಾದವಳು ಸಾಕ್ಷಿ, ಬೇಡವಾದವಳು ಕಳ್ಳಿ. ಸುಮ್ಮನೆ ಕಳಿಸಿದರೆ ಪರಿಹಾರ ಕೊಡಬೇಕು, ಕಳ್ಳಿ ಎಂದರೆ ಏನೂ ಕೊಡಬೇಕಿಲ್ಲ. ಕಳ್ಳಿ ಎನಿಸಿಕೊಂಡು ಹೊರಬಿದ್ದ ಹೆಂಗಸಿಗೆ ಹಿರಿಯೂರಿನಲ್ಲಾಗಲಿ ಹೊಸದುರ್ಗದಲ್ಲಾಗಲಿ ಇನ್ನೊಬ್ಬರು ಕೆಲಸ ಕೊಡುವುದಿಲ್ಲ. ಗಂಗಮ್ಮನ ಕೂಳು ಆ ಸಹಿ ಮೇಲೆ ನಿಂತಿತ್ತು.

ಕಾಗದ ತಗೊಂಡು ನಾನು ಸೀದಾ ಜನ ಕೂತಿದ್ದ ಹಾಲಿಗೆ ಬಂದೆ. ನನ್ನನ್ನು ಧೈರ್ಯಗಾತಿ ಎಂದುಕೊಳ್ಳಬೇಡಿ, ಕುರ್ಚಿ ಹಿಡಿದುಕೊಂಡು ನಿಂತಿದ್ದೆ. ಸ್ಕ್ರೀನ್ ಬಂದ ಮೇಲೆ ಆ ಹಾಲಿನಲ್ಲಿ ಆರ್ಡರ್ ಕೂಗುವ ದನಿಯೇ ನಿಂತುಹೋಗಿತ್ತು. ನಾನು ಕೂಗಿದೆ.

"ಎಲ್ರೂ ಒಂದು ನಿಮಿಷ ಕೇಳ್ರಿ! ಒಂದು ದೋಸೆ ಇಬ್ರಿಗೆ ಹಂಚಿ ಕೊಟ್ಟಿದ್ದು ಕಳ್ಳತನ ಅಂತ ಈ ಕಾಗದದಾಗೆ ಬರ್ದೈತೆ. ದುಡ್ಡು ಕೊಟ್ಟೋರು ನೀವು, ಕತ್ತರಿಸಿದೋಳು ನಾನು. ಗಂಗಮ್ಮನ್ನ ಕಳ್ಳಿ ಅಂತ ಓಡಿಸ್ತಾರಂತೆ. ಬೈಟು ತಿಂದೋರು ಯಾರ್ಯಾರು ಇದೀರಿ, ಎದ್ ನಿಲ್ರಿ ನೋಡಾಣ!"

ಜನ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆಮೇಲೆ ಕಿಟಕಿ ಹತ್ತಿರದ ಒಬ್ಬ ಲಾರಿ ಡ್ರೈವರ್ ಎದ್ದ. "ಹಂಗಾರೆ ನಮ್ಮಪ್ಪನೂ ಕಳ್ಳ, ನಮ್ಮ ತಾತನೂ ಕಳ್ಳ, ಎಲ್ರನ್ನೂ ಬರ್ಕಳ್ರಪ್ಪ!" ಹಾಲ್ ಪೂರ್ತಿ ನಕ್ಕಿತು. ಒಂದು ಮೇಜಿನವರು ಎದ್ದರು, ಇನ್ನೊಂದು ಮೇಜಿನವರು ಎದ್ದರು. ರೇಷ್ಮೆ ಸೀರೆ ಉಟ್ಟ ಒಬ್ಬ ಹೆಂಗಸು, ಮದುವೆಗೆ ಹೊರಟವಳಿರಬೇಕು, ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಕೆಲವರು ಫೋನ್ ತೆಗೆದು ಹಿಡಿದರು. ಮಾಲೀಕರು ಬಂದು, "ಏನೋ ತಪ್ಪು ತಿಳುವಳಿಕೆ, ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ಕೈಮುಗಿದರು. ನಾನು ಅವರ ಕಣ್ಣೆದುರೇ ಆ ಕಾಗದದ ಮೇಲೆ "ಇದು ಸುಳ್ಳು" ಎಂದು ಬರೆದು, ಅದರ ಕೆಳಗೆ ಸಹಿ ಹಾಕಿ ಕೊಟ್ಟೆ.

ಆ ಕಾಗದ ಮತ್ತೆ ಹೊರಗೆ ಬರಲಿಲ್ಲ. ಗಂಗಮ್ಮ ಈಗಲೂ ಅಲ್ಲೇ ಇದ್ದಾಳೆ. ಸ್ವಲ್ಪ ದಿನದಲ್ಲಿ ಸ್ಕ್ರೀನಿಗೆ ಬೈಟು ಬಂತು, ಎರಡನೇ ತಟ್ಟೆಗೆ ಬೇರೆ ದರ ಹಚ್ಚಿಕೊಂಡು. ಪೂರ್ತಿ ಗೆದ್ದೆವು ಎಂದು ಹೇಳಲಾರೆ. ಎಂಟು ತಿಂಗಳು ಮಾಲೀಕರು ನನ್ನ ಹತ್ತಿರ ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ. ನಿವೃತ್ತಿ ದಿನ ಸನ್ಮಾನವೂ ಇಲ್ಲ, ಶಾಲೂ ಇಲ್ಲ. ಹಂಚಿನ ಮುಂದೆ ಬೆಂದವಳಿಗೆ ಶಾಲು ಯಾತಕ್ಕೆ?

ಕೆಲವು ತಿಂಗಳ ಹಿಂದೆ ಚಳ್ಳಕೆರೆ ಬಸ್ಸಿನಲ್ಲಿ ನಸೀಮಾ ಸಿಕ್ಕಳು. ಒಂದು ಗಾರ್ಮೆಂಟ್ಸಿಗೆ ಸೇರಿ, ಅದು ಮುಚ್ಚಿ, ಈಗ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಾಳೆ. ಪಕ್ಕದಲ್ಲಿ ಕೂರಿಸಿಕೊಂಡಳು. ನನ್ನ ಮೊಣಕಾಲು ನೋವು ಕೇಳಿದಳು. ಆಮೇಲೆ ಕಿಟಕಿ ಕಡೆ ನೋಡುತ್ತ ಕೇಳಿದಳು.

"ಗಂಗಕ್ಕಂಗೋಸ್ಕರ ಹಾಲ್ ತುಂಬ ಕೂಗಿದ್ರಂತೆ. ನನ್ ಸಲ ಯಾಕೆ ಕೂಗ್ಲಿಲ್ಲ ಓಬಕ್ಕ?"

"ಹೆದ್ರಿಕಂಡಿದ್ದೆ ಕಣವ್ವ."

"ಗೊತ್ತಿತ್ತು ಬಿಡಿ. ನಾನಾಗಿದ್ರೂ ಹಂಗೇ ಮಾಡ್ತಿದ್ದೆ."

ಅವಳು ದೊಡ್ಡ ಮನಸ್ಸಿನವಳು, ಬಿಟ್ಟುಬಿಟ್ಟಳು. ನನಗೆ ಬಿಡಲು ಆಗಲಿಲ್ಲ. ಆ ಭಾನುವಾರವೇ ಹೋಟೆಲಿಗೆ ಹೋದೆ. ಇಷ್ಟು ವರ್ಷ ಹಿಂಬಾಗಿಲಿನಿಂದ ಹೋದವಳು ಮುಂಬಾಗಿಲಿನಿಂದ ಹೋಗಿ, ಒಂದು ಕಾಫಿ ತಗೊಂಡು, ಮಾಲೀಕರ ಗಲ್ಲಾ ಎದುರಿಗೆ ಕೂತೆ. ಜನ ತುಂಬಿದ ಮೇಲೆ ಕೂತಲ್ಲಿಂದಲೇ ಕೇಳಿದೆ.

"ಸಾರ್, ನಸೀಮಾ ಯಾವತ್ತಿಂದ ಕೆಲ್ಸಕ್ಕೆ ಬರ್ಲಿ?"

ಕೌಂಟರಿನ ಗಂಗಮ್ಮ ತಲೆ ಎತ್ತಿ ನೋಡಿದಳು. ತಿನ್ನುತ್ತಿದ್ದವರೂ ನೋಡಿದರು.

"ನೀವು ಈಗ ಇಲ್ಲಿ ಕೆಲ್ಸದಲ್ಲಿಲ್ಲ ಓಬಮ್ಮ" ಎಂದರು ಮಾಲೀಕರು.

"ಅದಕ್ಕೇ ಕೇಳ್ತಿರೋದು. ನನ್ನ ತೆಗ್ಯಾಕೆ ನಿಮ್ಮ ಕೈಲಾಗಲ್ಲ" ಎಂದೆ.

ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಹೋಗುತ್ತೇನೆ, ಕಾಫಿ ತಗೊಳ್ಳುತ್ತೇನೆ, ಜನ ತುಂಬಲಿ ಎಂದು ಕಾಯುತ್ತೇನೆ, ಅದೇ ಮಾತನ್ನು ಅದೇ ದನಿಯಲ್ಲಿ ಕೇಳುತ್ತೇನೆ. ಕಳೆದ ವಾರ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನವರು, "ಸಾರ್, ನಸೀಮಾ ಯಾವಾಗ ಬರ್ತಾರೆ?" ಎಂದು ಕೇಳಿದರು. ಮಾಲೀಕರು ಇನ್ನೂ ಉತ್ತರ ಕೊಟ್ಟಿಲ್ಲ. ನಾಳೆ ಭಾನುವಾರ.